41 ರಾತ್ರಿಗಳ ಲೆಕ್ಕ ಬರೆದಿಟ್ಟವರು ಸ್ವಾರ್ಥಿಗಳೇ?

ಓದುಗರ ಪ್ರಶ್ನೆ:

"ನನಗೆ 46 ವರ್ಷ. ಮೂವರು ಮಕ್ಕಳಲ್ಲಿ ನಾನೇ ದೊಡ್ಡವಳು. ಅಪ್ಪನಿಗೆ ಪಾರ್ಶ್ವವಾಯು ಆದಾಗ ರಾತ್ರಿ ಆಸ್ಪತ್ರೆಯಲ್ಲಿ ಇದ್ದವಳು ನಾನು. ಅವರು ಹೋದ ಮೇಲೆ ಅಮ್ಮ ನನ್ನ ಜೊತೆಗೇ ಇದ್ದಾರೆ. ತಮ್ಮನ ಸಾಲ ಎರಡು ಸಲ ತೀರಿಸಿದ್ದೇನೆ. ತಂಗಿಯ ಹೆರಿಗೆಗೂ ನಾನೇ ಓಡಾಡಿದ್ದು. ಎಲ್ಲರೂ 'ನೀನು ದೇವತೆ' ಅಂತಾರೆ. ಹೋದ ತಿಂಗಳು ತಮ್ಮ ಮತ್ತೆ ದುಡ್ಡು ಕೇಳಿದ. ಮೊದಲ ಸಲ ಆಗಲ್ಲ ಅಂದೆ. 'ಅಕ್ಕಾ, ನೀನೂ ಸ್ವಾರ್ಥಿ ಆಗಿಬಿಟ್ಟೆಯಲ್ಲ' ಅಂದ. ಆ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ನಿದ್ದೆ ಸರಿಯಾಗಿ ಬರುತ್ತಿಲ್ಲ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಹಳೇ ಡೈರಿಯ ಹಿಂದಿನ ಪುಟಗಳಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದೇನೆ. 'ಅಪ್ಪ, ಆಸ್ಪತ್ರೆ, 41 ರಾತ್ರಿ' ಅಂತ. ಹೀಗೆ ಲೆಕ್ಕ ಇಟ್ಟವಳು ನಿಸ್ವಾರ್ಥಿ ಹೇಗಾದೇನು? ಆಫೀಸಿನಲ್ಲಿ ಬೇರೆ ಬೇರೆ ಧರ್ಮದ ಗೆಳತಿಯರಿದ್ದಾರೆ. ಒಬ್ಬಳು 'ನಾನು ಅನ್ನೋದೇ ಭ್ರಮೆ' ಅಂತಾಳೆ. ಇನ್ನೊಬ್ಬಳು 'ಪೂರ್ತಿ ಕೊಟ್ಟುಕೊಂಡರೇನೇ ಅದು ಪ್ರೀತಿ' ಅಂತಾಳೆ. ಧರ್ಮಗಳು ನಿಜವಾಗಿ ಏನು ಹೇಳುತ್ತವೆ? ಮುಂದಿನ ತಿಂಗಳು ಅಮ್ಮನ ಕಣ್ಣಿನ ಆಪರೇಷನ್ ಇದೆ. ಅದಕ್ಕೂ ನಾನೇ ರಜೆ ಹಾಕಬೇಕಾ?"

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಲೆಕ್ಕ ಇಟ್ಟಿದ್ದರಿಂದ ಇಷ್ಟು ವರ್ಷ ಮಾಡಿದ್ದೆಲ್ಲ ಸುಳ್ಳಾಯಿತೇ ಅನ್ನೋದು ಒಂದು. ತಮ್ಮನಿಗೆ ಆಗಲ್ಲ ಅಂದದ್ದು ಸ್ವಾರ್ಥವೇ ಅನ್ನೋದು ಎರಡು. ಧರ್ಮಗಳು ಇದಕ್ಕೆ ಏನನ್ನುತ್ತವೆ ಅನ್ನೋದು ಮೂರು. ಮೊದಲು ಡೈರಿಗೆ ಬರುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ತಮ್ಮನ ಮಾತಿಗಿಂತ ಅದೇ ಜಾಸ್ತಿ ಅಂತ ನನಗನ್ನಿಸುತ್ತದೆ.

ನಾನು ಮೊದಲು ಕೆಲವು ವರ್ಷ ಧರ್ಮಗಳ ತೌಲನಿಕ ಅಧ್ಯಯನದ ಪಾಠ ಮಾಡುತ್ತಿದ್ದೆ. ಆಮೇಲೆ ಆಪ್ತಸಮಾಲೋಚನೆಗೆ ಬಂದೆ. ಮನೆಯವರನ್ನು ನೋಡಿಕೊಂಡು ನೋಡಿಕೊಂಡು ಸುಸ್ತಾದವರೇ ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ನಿಮ್ಮ ಡೈರಿಯಂಥದ್ದನ್ನು ತುಂಬಾ ನೋಡಿದ್ದೇನೆ. ಒಬ್ಬರು ಆಸ್ಪತ್ರೆಯ ಪಾಸುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿ ಇಟ್ಟಿದ್ದರು. ಇನ್ನೊಬ್ಬರು ಮೊಬೈಲಿನಲ್ಲಿ ತಾರೀಖು ಹಾಕಿ ಬರೆದುಕೊಂಡಿದ್ದರು. ಮುಂದೆ ವಸೂಲಿ ಮಾಡೋಣ ಅಂತ ಇಟ್ಟವರು ಇವರಲ್ಲಿ ತೀರಾ ಕಮ್ಮಿ. ತಾವು ಪಟ್ಟ ಪಾಡನ್ನು ನೋಡಿದವರು ಯಾರೂ ಇರಲಿಲ್ಲ, ಕಾಗದವಾದರೂ ನೋಡಿರಲಿ ಅಂತ ಬರೆದವರೇ ಹೆಚ್ಚು.

ನಿಮ್ಮ ಅಂಕಿಯನ್ನೇ ನೋಡಿ. ಸುಮಾರು 40 ಅಂತ ಬರೆದಿಲ್ಲ, 41 ಅಂತ ಬರೆದಿದ್ದೀರಿ. ಸಾಲಗಾರರಿಗೆ ಕಳಿಸುವ ಲೆಕ್ಕದಲ್ಲಿ ದರ ಇರುತ್ತದೆ, ಕೊನೆಯಲ್ಲಿ ಮೊತ್ತ ಇರುತ್ತದೆ. ನಿಮ್ಮದರಲ್ಲಿ ಬರೀ ರಾತ್ರಿಗಳಿವೆ. ಅದು ಬಿಲ್ಲಲ್ಲ, ಸಾಕ್ಷಿ. ಆದರೆ ಸಾಕ್ಷಿಯಾಗಿ ಶುರುವಾದದ್ದು ಬಿಲ್ಲಾಗಿ ಬದಲಾಗಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಈಗ ಪದಕ್ಕೆ ಬರೋಣ. ಸ್ವಾರ್ಥ ಅಂದರೆ ಸ್ವ ಮತ್ತು ಅರ್ಥ, ತನ್ನ ಲಾಭ. ನಿಸ್ವಾರ್ಥ ಅಂದರೆ ತನ್ನ ಲಾಭ ನೋಡದೆ ಮಾಡುವುದು. ಪದದಲ್ಲಿ ಇಲ್ಲವಾಗುವುದು 'ಅರ್ಥ', 'ಸ್ವ' ಅಲ್ಲ. ಮಾಡುವವರು ಇದ್ದೇ ಇರುತ್ತಾರೆ. ನಾವು ಮಾತಾಡುವಾಗ ಇದನ್ನು ಮರೆತು, ನಿಸ್ವಾರ್ಥಿ ಅಂದರೆ ತನಗೆ ಹಸಿವು, ನಿದ್ದೆ, ಬೇಸರ ಏನೂ ಇಲ್ಲದವರು ಅಂದುಕೊಂಡುಬಿಡುತ್ತೇವೆ. 'ಇತರರಿಗಾಗಿ ಬದುಕು' ಅನ್ನೋ ಮಾತನ್ನು ಧ್ಯೇಯವಾಕ್ಯ ಮಾಡಿಕೊಂಡವನು ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್. ಆಲ್ಟ್ರೂಯಿಸಂ, ಅಂದರೆ ಪರಹಿತ, ಅನ್ನೋ ಪದವನ್ನು 19ನೇ ಶತಮಾನದಲ್ಲಿ ಹುಟ್ಟುಹಾಕಿದವನೂ ಅವನೇ. ಹಳೇ ಧರ್ಮಗ್ರಂಥಗಳನ್ನು ತೆರೆದರೆ ಮಾತು ಇಷ್ಟು ಸಲೀಸಾಗಿಲ್ಲ.

ನಿಮ್ಮ ಮೊದಲ ಗೆಳತಿ ಹೇಳಿದ್ದು ಬೌದ್ಧರ ಅನಾತ್ಮದ ಮಾತು ಅಂತ ಕಾಣುತ್ತದೆ. ಅದು ನಿಸ್ವಾರ್ಥಕ್ಕಿಂತ ಬೇರೆ ವಿಷಯ. ದೇಹ, ಅನುಭವ, ಗ್ರಹಿಕೆ, ಮನಸ್ಸಿನ ಒಲವುಗಳು, ಅರಿವು, ಇವುಗಳಲ್ಲಿ ಎಲ್ಲಿ ಹುಡುಕಿದರೂ ಬದಲಾಗದ ಒಂದು 'ನಾನು' ಸಿಗುವುದಿಲ್ಲ ಅನ್ನುವುದು ಆ ವಿಚಾರ. ಆದ್ದರಿಂದ ನೀವು ಬೇರೆಯವರ ಕೆಲಸ ಮಾಡುತ್ತಲೇ ಇರಬೇಕು ಅನ್ನುವ ತೀರ್ಮಾನ ಅಲ್ಲಿಲ್ಲ. ಸುಮ್ನೆ ಯೋಚಿಸಿ, ನಿಮ್ಮ 'ನಾನು' ಭ್ರಮೆಯಾದರೆ ನಿಮ್ಮ ತಮ್ಮನ 'ನಾನು' ಕೂಡ ಭ್ರಮೆಯೇ ಅಲ್ವಾ? ಅವನ ಸಾಲ ಮಾತ್ರ ನಿಜ ಹೇಗಾದೀತು?

ಅದೇ ಬೌದ್ಧ ಸಾಹಿತ್ಯದಲ್ಲಿ ಕೋಸಲದ ರಾಜ ಪಸೇನದಿ ಮತ್ತು ರಾಣಿ ಮಲ್ಲಿಕಾ ಅವರ ಪ್ರಸಂಗ ಬರುತ್ತದೆ. ನಿನಗೆ ನಿನಗಿಂತ ಪ್ರಿಯರಾದವರು ಯಾರಾದರೂ ಇದ್ದಾರಾ ಅಂತ ರಾಜ ಕೇಳುತ್ತಾನೆ. ನೀವೇ ಅನ್ನುತ್ತಾಳೆ ಅಂತ ಕಾದಿದ್ದನೋ ಏನೋ. ಇಲ್ಲ ಮಹಾರಾಜ, ನನಗೆ ನನಗಿಂತ ಪ್ರಿಯರು ಯಾರೂ ಇಲ್ಲ, ನಿಮಗೆ ಇದ್ದಾರಾ ಅಂತ ಅವಳು ತಿರುಗಿ ಕೇಳುತ್ತಾಳೆ. ತನಗೂ ಇಲ್ಲ ಅಂತ ಅವನು ಒಪ್ಪಿಕೊಳ್ಳುತ್ತಾನೆ. ರಾಜ ಇದನ್ನು ಹೋಗಿ ಬುದ್ಧನಿಗೆ ಹೇಳಿದರೆ ಬುದ್ಧ ರಾಣಿಯನ್ನು ಬೈಯುವುದಿಲ್ಲ. ಎಲ್ಲ ದಿಕ್ಕಿಗೂ ಮನಸ್ಸು ಹರಿಸಿ ನೋಡು, ತನಗಿಂತ ಪ್ರಿಯವಾದದ್ದು ಸಿಗದು, ಬೇರೆಯವರಿಗೂ ಹಾಗೇ, ಅದಕ್ಕೇ ತನ್ನನ್ನು ಪ್ರೀತಿಸುವವನು ಇನ್ನೊಬ್ಬರನ್ನು ನೋಯಿಸಬಾರದು ಅನ್ನುತ್ತಾನೆ. ಇತರರ ಮೇಲಿನ ಕರುಣೆ ಇಲ್ಲಿ ತನ್ನ ಮೇಲಿನ ಪ್ರೀತಿಯಿಂದಲೇ ಹೊರಡುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ದೊಂಬರಾಟದ ಗುರುಶಿಷ್ಯರ ಕಥೆ. ಗುರು ಬಿದಿರಿನ ಗಳ ನಿಲ್ಲಿಸುತ್ತಾನೆ. ಶಿಷ್ಯ ಮೇಲೇರಿ ಅವನ ಹೆಗಲ ಮೇಲೆ ನಿಲ್ಲುತ್ತಾನೆ. ನೀನು ನನ್ನನ್ನು ನೋಡಿಕೋ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ, ಹಾಗಾದರೆ ಬೀಳದೆ ಇಳಿಯುತ್ತೇವೆ ಅನ್ನುತ್ತಾನೆ ಗುರು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಶಿಷ್ಯ ಒಪ್ಪುವುದಿಲ್ಲ. ಹಾಗಲ್ಲ ಗುರುವೇ, ನೀವು ನಿಮ್ಮನ್ನು ನೋಡಿಕೊಳ್ಳಿ, ನಾನು ನನ್ನನ್ನು ನೋಡಿಕೊಳ್ಳುತ್ತೇನೆ, ಆಗಲೇ ಇಬ್ಬರೂ ಉಳಿಯುವುದು ಅನ್ನುತ್ತಾನೆ. ಸರಿಯಾದ ದಾರಿ ಶಿಷ್ಯನದು ಅನ್ನುತ್ತಾನೆ ಬುದ್ಧ. ಅದರ ಜೊತೆಗೇ, ತನ್ನನ್ನು ಕಾಯ್ದುಕೊಂಡರೆ ಇತರರನ್ನು ಕಾಯ್ದಂತೆ, ಇತರರನ್ನು ಕಾಯ್ದರೆ ತನ್ನನ್ನು ಕಾಯ್ದುಕೊಂಡಂತೆ ಅಂತ ಸೇರಿಸುತ್ತಾನೆ. ಗಳದ ಮೇಲೆ ನಿಂತವನ ಕಾಲು ಅಲುಗಾಡುತ್ತಿದ್ದರೆ ಕೆಳಗಿರುವವನ ಬಗ್ಗೆ ಅವನಿಗಿರುವ ಪ್ರೀತಿ ಯಾವ ಉಪಯೋಗಕ್ಕೂ ಬರುವುದಿಲ್ಲ.

ಭಗವದ್ಗೀತೆಯಿಂದ ಜನ ಎತ್ತಿಕೊಳ್ಳುವುದು ಎರಡನೇ ಅಧ್ಯಾಯದ 47ನೇ ಶ್ಲೋಕವನ್ನು. ಕೆಲಸದ ಮೇಲೆ ನಿನಗೆ ಅಧಿಕಾರ, ಫಲದ ಮೇಲಲ್ಲ ಅನ್ನೋದು. ಮನೆಗಳಲ್ಲಿ ಅದು 'ಮಾಡು, ಕೇಳಬೇಡ' ಅಂತಾಗಿಬಿಟ್ಟಿದೆ. ಯಾರೂ ಓದದ ಭಾಗ 17ನೇ ಅಧ್ಯಾಯದಲ್ಲಿದೆ. ಕೊಡಬೇಕಾದದ್ದು ಅಂತ, ತಿರುಗಿ ಏನನ್ನೂ ಮಾಡಲಾಗದವರಿಗೆ, ಸರಿಯಾದ ಜಾಗ, ಹೊತ್ತು, ಯೋಗ್ಯತೆ ನೋಡಿ ಕೊಡುವುದು ಸಾತ್ವಿಕ ದಾನ. ಅಂದರೆ ಯಾರಿಗೆ, ಯಾವಾಗ ಅಂತ ಯೋಚಿಸುವುದು ನಿಸ್ವಾರ್ಥಕ್ಕೆ ವಿರುದ್ಧವಲ್ಲ, ಅದರ ಭಾಗವೇ. ಮರುಲಾಭ ಬಯಸಿ ಅಥವಾ ಮನಸ್ಸಿನಲ್ಲಿ ಸಂಕಟಪಡುತ್ತಾ ಕೊಟ್ಟರೆ ಅದು ರಾಜಸ. ಇನ್ನು ಮೂಢ ಹಟದಿಂದ ತನ್ನನ್ನು ತಾನೇ ಹಿಂಸಿಸಿಕೊಂಡು ಮಾಡುವ ತಪಸ್ಸನ್ನು ಗೀತೆ ತಾಮಸ ಅನ್ನುತ್ತದೆ. ತನ್ನನ್ನು ಹಿಂಸಿಸಿಕೊಳ್ಳುವುದು ಅಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲು. ನಾವು ಅದನ್ನೇ ಎತ್ತಿ ತುದಿಯಲ್ಲಿ ಕೂರಿಸಿದ್ದೇವೆ.

ಎರಡನೇ ಗೆಳತಿಯ ಮಾತು ಕ್ರೈಸ್ತ ಪರಂಪರೆಯದ್ದಿರಬಹುದು. ಗೆಳೆಯರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಅನ್ನುವ ಮಾತು ಯೋಹಾನನ ಸುವಾರ್ತೆಯಲ್ಲಿ ನಿಜವಾಗಿಯೂ ಇದೆ. ಅದನ್ನು ತೇಲಿಸಿಬಿಡುವುದು ಸರಿಯಲ್ಲ. ಆದರೆ ಏಸು ಎತ್ತಿ ಹೇಳಿದ ಹಳೇ ಆಜ್ಞೆಯನ್ನೂ ನೋಡಿ: ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ನಿನ್ನಂತೆಯೇ ಅಂದಿದ್ದಾನೆ, ನಿನ್ನ ಬದಲಿಗೆ ಅಂದಿಲ್ಲ.

ಒಳ್ಳೆಯ ಸಮಾರ್ಯದವನ ಕಥೆ ನಿಮಗೆ ಗೊತ್ತಿರಬಹುದು. ದಾರಿಯಲ್ಲಿ ಕಳ್ಳರು ಹೊಡೆದು ಬಿಸಾಡಿದವನನ್ನು ಇಬ್ಬರು ದೊಡ್ಡ ಮನುಷ್ಯರು ನೋಡಿಯೂ ನೋಡದವರಂತೆ ದಾಟಿಹೋಗುತ್ತಾರೆ. ಸಮಾರ್ಯ ಸೀಮೆಯ ಪರಕೀಯನೊಬ್ಬ ನಿಂತು ಗಾಯಕ್ಕೆ ಎಣ್ಣೆ ಹಾಕಿ ಕಟ್ಟುತ್ತಾನೆ. ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ಮುಂದೆ ಏನಾಗುತ್ತದೆ ನೋಡಿ. ಗಾಯಾಳುವನ್ನು ತನ್ನ ಸವಾರಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ತರುತ್ತಾನೆ, ಆ ದಿನ ಆರೈಕೆ ಮಾಡುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟು, ಇವನನ್ನು ನೋಡಿಕೋ, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅನ್ನುತ್ತಾನೆ. ಅಂದರೆ ಅವನು ತನ್ನ ಪ್ರಯಾಣ ಬಿಡಲಿಲ್ಲ. ಆರೈಕೆಯನ್ನು ಇನ್ನೊಬ್ಬರ ಕೈಗೆ ದಾಟಿಸಿದ. ಸುಮಾರು ಎರಡು ಸಾವಿರ ವರ್ಷಗಳಿಂದ ಪರೋಪಕಾರಕ್ಕೆ ಮಾದರಿಯಾಗಿ ನಿಂತವನು ಒಂದು ರಾತ್ರಿ ಆರೈಕೆ ಮಾಡಿ ಹೊರಟವನು. ನಿಮ್ಮದು 41.

ಹಾಗಂತ ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆ ಅಂತ ಮುಗಿಸಿಬಿಡುವುದು ಸೋಮಾರಿತನ. ಪಾಠ ಮಾಡುವಾಗ ನಾನು ಎರಡು ನೀರಿನ ಕಥೆಗಳನ್ನು ಅಕ್ಕಪಕ್ಕ ಇಡುತ್ತಿದ್ದೆ.

ಮೊದಲನೆಯದು ಯಹೂದಿಗಳ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿದೆ. ಇಬ್ಬರು ಮರುಭೂಮಿಯಲ್ಲಿ ನಡೆಯುತ್ತಿದ್ದಾರೆ. ಒಬ್ಬನ ಕೈಯಲ್ಲಿ ನೀರಿನ ಪಾತ್ರೆ ಇದೆ. ಅವನೊಬ್ಬನೇ ಕುಡಿದರೆ ಊರು ಮುಟ್ಟುತ್ತಾನೆ. ಹಂಚಿ ಕುಡಿದರೆ ಇಬ್ಬರೂ ಸಾಯುತ್ತಾರೆ. ಇಬ್ಬರೂ ಕುಡಿದು ಸಾಯಲಿ, ಒಬ್ಬನ ಸಾವನ್ನು ಇನ್ನೊಬ್ಬ ನೋಡುವುದು ಬೇಡ ಅನ್ನುತ್ತಾನೆ ಬೆನ್ ಪೆತುರಾ ಎಂಬ ಪಂಡಿತ. ಇನ್ನೊಬ್ಬ ಪಂಡಿತ ರಬ್ಬಿ ಅಕಿವಾ ಒಪ್ಪುವುದಿಲ್ಲ. 'ನಿನ್ನ ಸೋದರ ನಿನ್ನೊಂದಿಗೆ ಬಾಳಲಿ' ಅನ್ನುವ ವಾಕ್ಯದಲ್ಲಿ 'ನಿನ್ನೊಂದಿಗೆ' ಅಂತಿದೆ, ಆದ್ದರಿಂದ ನಿನ್ನ ಜೀವ ಮೊದಲು ಅನ್ನುತ್ತಾನೆ.

ಎರಡನೆಯದು 636ರಲ್ಲಿ ನಡೆದ ಯರ್ಮೂಕ್ ಯುದ್ಧದ ಬಗ್ಗೆ ಮುಸ್ಲಿಮರಲ್ಲಿ ಹೇಳುತ್ತಾ ಬಂದ ಕಥೆ. ಗಾಯಗೊಂಡು ಬಿದ್ದ ಯೋಧನ ಬಾಯಿಗೆ ನೀರು ಹಿಡಿದರೆ, ಪಕ್ಕದಲ್ಲಿ ನರಳುತ್ತಿರುವವನಿಗೆ ಮೊದಲು ಕೊಡಿ ಅಂದ. ಅವನ ಹತ್ತಿರ ಹೋದರೆ ಮೂರನೆಯವನನ್ನು ತೋರಿಸಿದ. ಮೂರನೆಯವನ ಹತ್ತಿರ ಹೋಗುವಷ್ಟರಲ್ಲಿ ಅವನ ಉಸಿರು ನಿಂತಿತ್ತು. ವಾಪಸ್ ಬಂದರೆ ಉಳಿದಿಬ್ಬರೂ ಹೋಗಿದ್ದರು. ಇದನ್ನು ಈಸಾರ್ ಅನ್ನುತ್ತಾರೆ. ತನಗೇ ಬೇಕಿದ್ದರೂ ಇನ್ನೊಬ್ಬರನ್ನು ಮುಂದೆ ಮಾಡುವುದು. ಮದೀನಾದವರು ಮಕ್ಕಾದಿಂದ ಬಂದ ನಿರಾಶ್ರಿತರಿಗೆ ಹೀಗೆ ಮಾಡಿದರು ಅಂತ ಕುರಾನ್ 59ನೇ ಅಧ್ಯಾಯದಲ್ಲಿ ಹೊಗಳುತ್ತದೆ.

ಇವೆರಡನ್ನೂ ಒಂದೇ ಅನ್ನಲಾಗದು. ಒಂದು ಕಡೆ ಬದುಕುವುದು ಕರ್ತವ್ಯ, ಇನ್ನೊಂದು ಕಡೆ ಬಿಟ್ಟುಕೊಡುವುದು ಹಿರಿಮೆ. ವಿದ್ಯಾರ್ಥಿಗಳು ಯಾವುದು ಸರಿ ಅಂತ ಗಂಟೆಗಟ್ಟಲೆ ಜಗಳವಾಡುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಆ ಮೂವರೂ ಒಬ್ಬರನ್ನೊಬ್ಬರು ಮುಂದೆ ಮಾಡಿದರು. ಒಬ್ಬನೇ ದಿನಾ ಬಿಟ್ಟುಕೊಡುತ್ತಾ, ಉಳಿದಿಬ್ಬರು ದಿನಾ ಕುಡಿಯುತ್ತಾ ಇದ್ದಿದ್ದರೆ?" ಅಂದಳು. ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಆಮೇಲೆ ಹುಡುಕಿದೆ. ಈಸಾರ್ ಹೊಗಳುವ ಕುರಾನಿನಲ್ಲೇ, 17ನೇ ಅಧ್ಯಾಯದಲ್ಲಿ, ಕೈಯನ್ನು ಕುತ್ತಿಗೆಗೆ ಕಟ್ಟಿಕೊಳ್ಳಬೇಡ, ಪೂರ್ತಿ ಚಾಚಿಯೂ ಬಿಡಬೇಡ, ಆಮೇಲೆ ಬರಿಗೈಯಲ್ಲಿ ಕೂರಬೇಕಾದೀತು ಅಂತಿದೆ. ಪ್ರವಾದಿ ಮುಹಮ್ಮದರ ನಡೆನುಡಿಗಳ ದಾಖಲೆಯಾದ ಹದೀಸ್‌ನಲ್ಲಿ ಅಬೂ ದರ್ದಾ ಎಂಬಾತ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಪ್ರಾರ್ಥನೆ ಅಂತ ಕೂತುಬಿಟ್ಟಿರುತ್ತಾನೆ. ಹೆಂಡತಿ ತನ್ನ ಬಗ್ಗೆ ಗಮನವನ್ನೇ ಬಿಟ್ಟಿರುತ್ತಾಳೆ. ಮನೆಗೆ ಬಂದ ಗೆಳೆಯ ಸಲ್ಮಾನ್ ಅವನಿಗೆ ಊಟ ಮಾಡಿಸುತ್ತಾನೆ, ಮಲಗು ಅನ್ನುತ್ತಾನೆ. ದೇವರಿಗೆ ನಿನ್ನ ಮೇಲೆ ಹಕ್ಕಿದೆ, ನಿನ್ನ ಜೀವಕ್ಕೂ ನಿನ್ನ ಮೇಲೆ ಹಕ್ಕಿದೆ, ಮನೆಯವರಿಗೂ ಇದೆ, ಯಾರದ್ದು ಎಷ್ಟೋ ಅಷ್ಟು ಕೊಡು ಅನ್ನುತ್ತಾನೆ. ಪ್ರವಾದಿ ಸಲ್ಮಾನ್ ಹೇಳಿದ್ದು ಸರಿ ಅಂದರು.

ಎಲ್ಲೆಯನ್ನು ಅಂಕಿಯಲ್ಲೇ ಬರೆದಿಟ್ಟವರೂ ಇದ್ದಾರೆ. ದಾನ ಮಾಡುವವನು ಐದರಲ್ಲೊಂದು ಪಾಲಿಗಿಂತ ಜಾಸ್ತಿ ಕೊಡಬಾರದು, ಕೊಟ್ಟರೆ ನಾಳೆ ತಾನೇ ಬೇಡಬೇಕಾದೀತು ಅಂತ ತಾಲ್ಮುದ್ ಹೇಳುತ್ತದೆ. ಇಸ್ಲಾಮಿನಲ್ಲಿ ಕಡ್ಡಾಯ ದಾನವಾದ ಝಕಾತ್ ಉಳಿತಾಯದ ಶೇ. 2.5. ಉಯಿಲಿನಲ್ಲಿ ವಾರಸುದಾರರಲ್ಲದವರಿಗೆ, ದಾನಧರ್ಮಕ್ಕೆ ಬರೆಯುವುದಕ್ಕೆ ಮೂರರಲ್ಲೊಂದು ಪಾಲಿನ ಮಿತಿ ಇದೆ. ಸಿಖ್ಖರ ಮಾತು 'ವಂಡ್ ಛಕೋ', ಹಂಚಿ ತಿನ್ನು ಅಂತ. ಹಂಚಿ ಹಸಿದಿರು ಅಂತ ಅಲ್ಲ. ಚೀನಾದ ಪ್ರಾಚೀನ ತತ್ತ್ವಜ್ಞಾನಿ ಮೆನ್ಶಿಯಸ್, ಲೋಕಕ್ಕಾಗಿ ಒಂದು ಕೂದಲನ್ನೂ ಕೀಳದ ಯಾಂಗ್ ಝೂನನ್ನೂ ಒಪ್ಪಲಿಲ್ಲ, ಲೋಕಕ್ಕಾಗಿ ನೆತ್ತಿಯಿಂದ ಹಿಮ್ಮಡಿವರೆಗೆ ಸವೆದುಹೋಗಲು ಸಿದ್ಧನಾದ ಮೋಝಿಯನ್ನೂ ಒಪ್ಪಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಉಳಿದ ವಿಚಾರ ಒಂದೇ. ಈ ಪರಂಪರೆಗಳು ಸಡಿಲಿಸಲು ಹೇಳುವುದು 'ನಾನು ಮಾಡಿದೆ' ಅನ್ನುವ ಹಿಡಿತವನ್ನು. ಬಸವಣ್ಣ "ಮಾಡಿದೆನೆಂಬುದು ಮನದಲ್ಲಿ ಹೊಳೆದಡೆ ಏಡಿಸಿ ಕಾಡಿತ್ತು ಶಿವನ ಡಂಗುರ" ಅನ್ನುತ್ತಾರಲ್ಲ, ಆ ಹೊಳೆಯುವುದನ್ನು. ಮಾಡುವ ಮನುಷ್ಯನನ್ನೇ ಅಳಿಸಿಹಾಕು ಅಂತ ಹೇಳುವುದಿಲ್ಲ. ಮತ್ತೆ, ಈ ಮಾತು ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದನ್ನೂ ನೋಡಬೇಕು. ಶಿಬಿ ಚಕ್ರವರ್ತಿ ಪಾರಿವಾಳವನ್ನು ಉಳಿಸಲು ತಕ್ಕಡಿಗೆ ಇಟ್ಟದ್ದು ತನ್ನ ತೊಡೆಯ ಮಾಂಸ. ಕತ್ತಿ ಅವನ ಕೈಯಲ್ಲೇ ಇತ್ತು. ಪಕ್ಕದಲ್ಲಿ ನಿಂತವರು ಇನ್ನೂ ಸ್ವಲ್ಪ ಹಾಕು, ಇಷ್ಟು ಸಾಲದು ಅಂತ ಅವನ ತೊಡೆ ಕೊಯ್ದಿದ್ದರೆ ಅದನ್ನು ತ್ಯಾಗ ಅನ್ನುತ್ತಿರಲಿಲ್ಲ.

ನಿಸ್ವಾರ್ಥ ಅನ್ನುವುದು ನಾನು ನನಗೆ ಹೇಳಿಕೊಳ್ಳುವ ಮಾತು. ಅದನ್ನೇ ಎದುರಿನವರಿಗೆ ಹೇಳಿದರೆ ವಸೂಲಿಯಾಗುತ್ತದೆ. ನಿಮ್ಮ ತಮ್ಮ ಹೇಳಿದ್ದು ಎರಡನೇ ಥರದ್ದು. ದುಡ್ಡು ಬೇಕಾಗಿದ್ದವನು ಅವನು, ಸ್ವಾರ್ಥಿ ಅನ್ನಿಸಿಕೊಂಡವರು ನೀವು. ಇದು ಸ್ವಲ್ಪ ವಿಚಿತ್ರ ಅಲ್ವಾ?

ಅಹಂಕಾರ ಬಿಡು ಅನ್ನುವ ಬೋಧೆ ಬಹುಪಾಲು ಅಧಿಕಾರ ಇದ್ದ ಗಂಡಸರು ತಮ್ಮಂಥವರಿಗೆ ಹೇಳಿಕೊಂಡದ್ದು. 1960ರಲ್ಲಿ ಅಮೆರಿಕದ ಧರ್ಮಶಾಸ್ತ್ರಜ್ಞೆ ವ್ಯಾಲೆರಿ ಸೈವಿಂಗ್ ಇದನ್ನೇ ಎತ್ತಿ ಹಿಡಿದರು. ಗರ್ವವೇ ಮೂಲಪಾಪ, ತನ್ನನ್ನು ಬಿಟ್ಟುಕೊಡುವುದೇ ಮದ್ದು ಅಂತ ದೇವಶಾಸ್ತ್ರ ಹೇಳುತ್ತದೆ, ಆದರೆ ಎಷ್ಟೋ ಹೆಂಗಸರ ತೊಂದರೆ ಗರ್ವವಲ್ಲ, ತಮಗೆ ತಾವೇ ಇಲ್ಲದಂತಾಗುವುದು ಅಂತ ಅವರು ಬರೆದರು. ಬಿ.ಪಿ. ಜಾಸ್ತಿ ಇದ್ದವರಿಗೆ ಬರೆದ ಮಾತ್ರೆಯನ್ನು ಬಿ.ಪಿ. ಕಮ್ಮಿ ಇದ್ದವರಿಗೆ ಕೊಟ್ಟಂತೆ. ತಲೆ ಸುತ್ತಿ ಬಿದ್ದರೆ ಮಾತ್ರೆ ಸಾಲಲಿಲ್ಲ ಅನ್ನುತ್ತೇವೆ.

'ದೇವತೆ' ಅನ್ನೋ ಹೊಗಳಿಕೆಯ ಬಗ್ಗೆಯೂ ಹೇಳಬೇಕು. ತಮ್ಮವರೇ ಒಲಿದು ಹೊಗಳಿ ಹೊಗಳಿ ತಮ್ಮನ್ನು ಹೊನ್ನಶೂಲಕ್ಕೆ ಏರಿಸಿದರು ಅಂತ ಬಸವಣ್ಣ ನೊಂದುಕೊಳ್ಳುತ್ತಾರೆ. ಹೊನ್ನಿನದಾದರೂ ಶೂಲ ಶೂಲವೇ. ದೇವತೆಗೆ ಬೆನ್ನು ನೋಯುವುದಿಲ್ಲ, ರಜೆ ಮುಗಿಯುವುದಿಲ್ಲ. ದೇವತೆ ಅಂದವರು ನಿಮಗೆ ಏನಾದರೂ ಬೇಕಾ ಅಂತ ಕೇಳಿದ್ದನ್ನು ನೀವು ಪತ್ರದಲ್ಲಿ ಎಲ್ಲೂ ಬರೆದಿಲ್ಲ.

ಈಗ ಮನಶ್ಶಾಸ್ತ್ರದ ಕಡೆಯಿಂದ ಸ್ವಲ್ಪ. 'ಆಳದಲ್ಲಿ ಎಲ್ಲರೂ ಸ್ವಾರ್ಥಿಗಳೇ, ಸಹಾಯ ಮಾಡಿದರೆ ನಿನಗೇ ಖುಷಿಯಾಗುತ್ತಲ್ಲ' ಅಂತ ವಾದಿಸುವವರು ಸಿಗುತ್ತಾರೆ. ಖುಷಿ ಆಮೇಲೆ ಬಂತು ಅಂದಮಾತ್ರಕ್ಕೆ ಖುಷಿಗಾಗಿಯೇ ಮಾಡಿದ್ದು ಅಂತಾಗದು. ಡೇನಿಯಲ್ ಬ್ಯಾಟ್ಸನ್ ಅವರ ತಂಡ 1981ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿತು. ಒಬ್ಬ ಹೆಂಗಸಿಗೆ ಕರೆಂಟ್ ಶಾಕ್ ಕೊಡುತ್ತಿರುವಂತೆ ತೋರಿಸಿದರು. ಅದು ನಟನೆ, ಆದರೆ ನೋಡುವವರಿಗೆ ಗೊತ್ತಿರಲಿಲ್ಲ. ಬೇಕಾದರೆ ಎದ್ದು ಹೋಗಬಹುದಿತ್ತು. ಆಕೆಯ ಮೇಲೆ ನಿಜವಾದ ಮರುಕ ಹುಟ್ಟಿದವರು ಎದ್ದು ಹೋಗುವ ದಾರಿ ಇದ್ದರೂ ಹೆಚ್ಚಾಗಿ ಆ ಶಾಕ್ ನಾವು ತಗೊಳ್ಳುತ್ತೇವೆ ಅಂದರು. ನೀವು ಅಪ್ಪನ ಪಕ್ಕದಲ್ಲಿ ಕೂತಿದ್ದು ನಾಟಕವಲ್ಲ, ಅದನ್ನು ಡೈರಿ ಸುಳ್ಳು ಮಾಡುವುದಿಲ್ಲ.

ಲೆಕ್ಕ ಇಡುವ ಗುಣವೂ ಮನುಷ್ಯರಿಗೆ ಹೊಸದಲ್ಲ. ಜೀವಿಗಳಲ್ಲಿ ಸಹಾಯ ಉಳಿದುಬರುವುದಕ್ಕೆ ಮುಖ್ಯವಾಗಿ ಎರಡು ದಾರಿ ಹೇಳುತ್ತಾರೆ. ರಕ್ತಸಂಬಂಧ ಒಂದು, ಇದನ್ನು 1964ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್ ವಿವರಿಸಿದರು. ಕೊಟ್ಟು ತಗೊಳ್ಳುವುದು ಇನ್ನೊಂದು, ಅದನ್ನು 1971ರಲ್ಲಿ ಇನ್ನೊಬ್ಬ ಜೀವವಿಜ್ಞಾನಿ ಟ್ರಿವರ್ಸ್ ವಿವರಿಸಿದರು. ಕೊಟ್ಟದ್ದು ವಾಪಸ್ ಬರುತ್ತಲೇ ಇಲ್ಲ ಅಂತ ಗೊತ್ತಾದಾಗ ಒಳಗೆ ಚುಚ್ಚುವುದು ಹಸಿವಿನಷ್ಟೇ ಸಹಜ.

ನಿಮಗೆ ನಿಜವಾಗಿ ತೊಂದರೆ ಕೊಡುತ್ತಿರುವುದು ಬೇರೆ. ಸಂಬಂಧಗಳನ್ನು ಪ್ರೀತಿಸುವವರಲ್ಲಿ ಎರಡು ಬಗೆ ಇದೆ ಅಂತ ವಿಕಿ ಹೆಲ್ಗೆಸನ್ ಎಂಬ ಮನಶ್ಶಾಸ್ತ್ರಜ್ಞೆ ತೋರಿಸಿದ್ದಾರೆ. ಇತರರ ಬಗ್ಗೆ ಕಾಳಜಿ ಇದ್ದು, ತಮ್ಮ ಬಗ್ಗೆಯೂ ಇರುವವರು ಒಂದು ಬಗೆ. ತಮ್ಮನ್ನು ಪೂರ್ತಿ ಮರೆತು ಇತರರಲ್ಲೇ ಮುಳುಗಿದವರು ಇನ್ನೊಂದು. ಖಿನ್ನತೆ, ಆರೋಗ್ಯದ ತೊಂದರೆ ಅಂಟಿಕೊಳ್ಳುವುದು ಎರಡನೆಯವರಿಗೆ. ಇವರು ಸಹಾಯ ತಗೊಳ್ಳಲು ಹಿಂಜರಿಯುತ್ತಾರೆ, ತಮ್ಮ ಬೆಲೆಯನ್ನು ಇತರರ ಮೆಚ್ಚುಗೆಯಲ್ಲಿ ಅಳೆಯುತ್ತಾರೆ. ನನ್ನ ಅನುಭವದಲ್ಲಿ ಇದರ ಮೊದಲ ಗುರುತು ಸಣ್ಣದು: ಮನೆಯವರೆಲ್ಲರ ಮಾತ್ರೆಯ ಹೊತ್ತು ಬಾಯಿಪಾಠ ಇರುತ್ತದೆ, ತಮ್ಮ ರಕ್ತಪರೀಕ್ಷೆ ಯಾವಾಗ ಆಯಿತು ಅಂದರೆ ತಡವರಿಸುತ್ತಾರೆ. ನೀವು ಈಗಲೇ ಒಮ್ಮೆ ಕೇಳಿಕೊಂಡು ನೋಡಿ.

ಮುಂದೇನು ಅಂದರೆ, ನಿಮ್ಮ ಮುಂದಿರುವ ದಾರಿಗಳಲ್ಲಿ ಅಪಾಯವಿಲ್ಲದ್ದು ಒಂದೂ ಇಲ್ಲ.

ಈಗಿನಂತೆಯೇ ನಡೆಸಿಕೊಂಡು ಹೋಗಬಹುದು. ಜಗಳ ಇರುವುದಿಲ್ಲ. ಆದರೆ ಡೈರಿಯ ಪುಟಗಳು ತುಂಬುತ್ತವೆ. ಒಂದು ದಿನ, ಯಾವುದೋ ಚಿಲ್ಲರೆ ವಿಷಯಕ್ಕೆ, ಹತ್ತು ವರ್ಷದ ಲೆಕ್ಕ ಒಮ್ಮೆಗೇ ಬಾಯಿಂದ ಹೊರಬೀಳುತ್ತದೆ. ಸಾಕ್ಷಿ ಬಿಲ್ಲಾಗುವುದು ಹೀಗೆ. ಅಷ್ಟರಲ್ಲಿ ನಿಮ್ಮ ಆರೋಗ್ಯ ಕೈಕೊಟ್ಟರೆ ಅಮ್ಮನಿಗೂ ಯಾರೂ ಇರುವುದಿಲ್ಲ.

ಇಲ್ಲವೇ ಎಲ್ಲದಕ್ಕೂ ಒಮ್ಮೆಗೇ ಬಾಗಿಲು ಹಾಕಬಹುದು. ಈಚೆಗೆ ಹೀಗೆ ಸಲಹೆ ಕೊಡುವವರು ಜಾಸ್ತಿ. ನಾನು ಕೊಡುವುದಿಲ್ಲ. ಹೀಗೆ ಮಾಡಿದವರು ಮೂರನೇ ವಾರಕ್ಕೆ ತಪ್ಪಿತಸ್ಥ ಭಾವ ತಾಳಲಾರದೆ ಎರಡು ಪಟ್ಟು ಕೆಲಸ ಮೈಮೇಲೆ ಹಾಕಿಕೊಂಡು ವಾಪಸಾಗುವುದನ್ನು ನೋಡಿದ್ದೇನೆ. ಮಧ್ಯದಲ್ಲಿ ಪೆಟ್ಟು ಬೀಳುವುದು ಏನೂ ತಪ್ಪು ಮಾಡದ ಅಮ್ಮನಿಗೆ.

ನನಗೆ ಒಪ್ಪಿಗೆಯಾಗುವುದು ಮೊದಲೇ ಅಳತೆ ಹೇಳಿಬಿಡುವುದು. ನನ್ನ ಕೈಲಿ ಇಷ್ಟು ದಿನ, ಇಷ್ಟು ದುಡ್ಡು ಆಗುತ್ತದೆ, ಉಳಿದದ್ದು ನೀವಿಬ್ಬರೂ ಹಂಚಿಕೊಳ್ಳಿ ಅಂತ. ಐದರಲ್ಲೊಂದು ಅಂತ ಬರೆದಿಟ್ಟವರು ಇದನ್ನೇ ಮಾಡಿದ್ದು. ಇದರ ಅಪಾಯ ಏನೆಂದರೆ, ಮೊದಲ ಕೆಲವು ವಾರ ನಿಮ್ಮನ್ನು ಪರೀಕ್ಷೆ ಮಾಡುತ್ತಾರೆ. ಮುನಿಸು, ಚುಚ್ಚುಮಾತು, ನಡುರಾತ್ರಿಯ ಫೋನು, ಎಲ್ಲ ಬರುತ್ತವೆ. 'ಸ್ವಾರ್ಥಿ' ಅನ್ನೋ ಮಾತು ಇನ್ನೆರಡು ಸಲವಾದರೂ ಕೇಳುತ್ತೀರಿ. ಕೆಲವು ಸಂಬಂಧಗಳು ಸ್ವಲ್ಪ ತಣ್ಣಗಾಗಿ ಹಾಗೇ ಉಳಿದುಬಿಡಲೂಬಹುದು. ಅದನ್ನು ಮುಚ್ಚಿಡುವುದಿಲ್ಲ.

ತಮ್ಮನ ದುಡ್ಡಿನ ವಿಷಯದಲ್ಲಿ ನನಗೆ ಅಷ್ಟು ಗೊಂದಲವಿಲ್ಲ. 12ನೇ ಶತಮಾನದ ಯಹೂದಿ ವಿದ್ವಾಂಸ ಮೈಮೋನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ತುದಿಯ ಮೆಟ್ಟಿಲು, ಎದುರಿನವನು ಮತ್ತೆ ಕೈಚಾಚದಂತೆ ಅವನನ್ನು ಕಾಲ ಮೇಲೆ ನಿಲ್ಲಿಸುವುದು. ಎರಡು ಸಲ ತೀರಿಸಿದ ಸಾಲ ಮೂರನೇ ಸಲ ಬಂದಿದೆ ಅಂದರೆ ನಿಮ್ಮ ದುಡ್ಡು ಅವನನ್ನು ನಿಲ್ಲಿಸುತ್ತಿಲ್ಲ. ಸಾಲ ಹೇಗಾಗುತ್ತಿದೆ ಅಂತ ಅವನ ಪಕ್ಕ ಕೂತು ಕಾಗದ ನೋಡಲು ನಿಮಗೆ ಮನಸ್ಸಿದ್ದರೆ ಅದು ದುಡ್ಡಿಗಿಂತ ದೊಡ್ಡ ಸಹಾಯ. ಅವನು ಅದಕ್ಕೆ ಒಪ್ಪದೆ ದುಡ್ಡು ಮಾತ್ರ ಸಾಕು ಅಂದರೆ ನಿಮಗೆ ಉತ್ತರ ಸಿಕ್ಕಿತು.

ನಿದ್ದೆ ಎರಡು ವಾರಕ್ಕಿಂತ ಜಾಸ್ತಿ ಹೀಗೇ ಕೆಟ್ಟಿದ್ದರೆ, ಇಷ್ಟವಾಗುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ತತ್ತ್ವಜ್ಞಾನ ಪಕ್ಕಕ್ಕಿಟ್ಟು ವೈದ್ಯರನ್ನು ನೋಡಿ. ನಿಮಗಾಗಿ ಅಪಾಯಿಂಟ್‌ಮೆಂಟ್ ತಗೊಳ್ಳಿ. ಅಮ್ಮನ ತಪಾಸಣೆಗೆ ಹೋದಾಗ ಜೊತೆಗೆ ತೋರಿಸಿದರಾಯಿತು ಅಂದುಕೊಳ್ಳಬೇಡಿ.

ಡೈರಿಯನ್ನು ಹರಿದು ಹಾಕಬೇಡಿ. ತಮ್ಮ, ತಂಗಿಗೆ ತೋರಿಸಲೂಬೇಡಿ, ತೋರಿಸಿದ ಕ್ಷಣಕ್ಕೆ ಅದು ಬಿಲ್ಲಾಗುತ್ತದೆ. ನಂಬಿಕೆಯ ಒಬ್ಬ ಗೆಳತಿಗೆ ಓದಿ ಹೇಳಿ. ಸಾಕ್ಷಿಗೆ ಬೇಕಾಗಿರುವುದು ಕೇಳುವ ಒಂದು ಕಿವಿ. 41 ರಾತ್ರಿಗಳಲ್ಲಿ ಒಂದನ್ನಾದರೂ ಪೂರ್ತಿ ಹೇಳಿ. ಯಾವ ಬೆಂಚು, ಎಷ್ಟು ಚಳಿ, ಅಪ್ಪ ಏನಂದರು ಅಂತ.

ಇನ್ನು ಕಣ್ಣಿನ ಆಪರೇಷನ್. ಪೊರೆಯದ್ದಾದರೆ ಬಹುಪಾಲು ಅದೇ ದಿನ ಮನೆಗೆ ಕಳಿಸುತ್ತಾರೆ. ಆಮೇಲೆ ಕೆಲವು ವಾರ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಬೇಕಾಗುತ್ತದೆ. ಆಪರೇಷನ್ ದಿನ ನೀವು ರಜೆ ಹಾಕಿ, ಅಮ್ಮನಿಗೆ ನೀವಿದ್ದರೆ ಧೈರ್ಯ, ನಿಮಗೂ ಅದು ಬೇಕು ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಮೊದಲ ವಾರದ ಡ್ರಾಪ್ಸ್ ತಂಗಿಗೆ, ಮರುತಪಾಸಣೆಗೆ ಕರೆದುಕೊಂಡು ಹೋಗುವುದು ತಮ್ಮನಿಗೆ. ಇವತ್ತು ಸಂಜೆಯೇ ಇಬ್ಬರಿಗೂ ತಾರೀಖು ಹಾಕಿ ಮೆಸೇಜ್ ಮಾಡಿ. ಆಗುತ್ತಾ ಅಂತ ಕೇಳಬೇಡಿ, ಯಾವ ಹೊತ್ತು ಅನುಕೂಲ ಅಂತ ಕೇಳಿ. ಉತ್ತರ ಬರುವುದು ಎರಡು ದಿನ ತಡವಾದರೆ ತಡವಾಗಲಿ. ಆ ಎರಡು ದಿನ 'ಪರವಾಗಿಲ್ಲ, ನಾನೇ ಮಾಡ್ತೀನಿ ಬಿಡು' ಅಂತ ಮಾತ್ರ ಟೈಪ್ ಮಾಡಬೇಡಿ.